ನಿರಾಶ್ರಿತರಿಗೆ ಪ್ರತ್ಯೇಕ ಊರು ಸರಿಯೇ? ಬೈಲಕುಪ್ಪೆಯ ಪರ–ವಿರೋಧ

ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ ನಿರಾಶ್ರಿತರು ನೆಲೆಸಿ ಅರವತ್ತು ವರ್ಷ ದಾಟಿದೆ. ಹೊರಗಿನಿಂದ ಬಂದವರಿಗೆ ಅವರದೇ ಒಂದು ಊರು ಕಟ್ಟಿಕೊಡುವುದು ಅವರನ್ನು ಸಮಾಜದೊಳಗೆ ತರುವ ದಾರಿಯೋ, ಹೊರಗಿಡುವ ದಾರಿಯೋ? ಇಬ್ಬರನ್ನು ಕೇಳಿದೆವು. ‘ಪರ’ ಬರೆದವರು ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕರು. ‘ವಿರೋಧ’ ಬರೆದವರು ಅದೇ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಪತ್ರಕರ್ತರು.

ಪರ: ನೆಲೆ ಇದ್ದವರೇ ನೆರೆಯವರಾಗುತ್ತಾರೆ

ವಲಸೆ ಬಂದವರು ಬೆರೆಯಬೇಕು ಎಂದು ಭಾಷಣ ಮಾಡುವವರಿಗೆಲ್ಲ ಪಾರ್ಸಿಗಳ ಕಥೆ ಬಾಯಿಪಾಠ. ಅವರು ಪರ್ಷಿಯಾದಿಂದ ಬಂದಿಳಿದಾಗ ಗುಜರಾತಿನ ಸಂಜಾಣದ ದೊರೆ ಅಂಚಿನವರೆಗೆ ಹಾಲು ತುಂಬಿದ ಬಟ್ಟಲನ್ನು ಕಳುಹಿಸಿ ಇಲ್ಲಿ ಜಾಗವಿಲ್ಲ ಎಂದು ಸೂಚಿಸಿದನಂತೆ. ಪಾರ್ಸಿಗಳ ಗುರು ಅದಕ್ಕೆ ಸಕ್ಕರೆ ಬೆರೆಸಿ ಹಿಂದಿರುಗಿಸಿದನಂತೆ. ಕಥೆ ಸೊಗಸಾಗಿದೆ, ಆದರೆ ಪಾರ್ಸಿಗಳು ಸಕ್ಕರೆಯಂತೆ ಕರಗಿದರೇ? ಅಗ್ನಿ ದೇವಾಲಯಕ್ಕೆ ಬೇರೆಯವರನ್ನು ಬಿಡಲಿಲ್ಲ, ಮದುವೆಯನ್ನು ತಮ್ಮೊಳಗೇ ಇಟ್ಟುಕೊಂಡರು, ಮುಂಬಯಿಯ ದಾದರಿನಲ್ಲಿ ಇಂದಿಗೂ ಪಾರ್ಸಿ ಕಾಲೊನಿ ಎಂಬ ಹೆಸರಿನಲ್ಲೇ ಬಡಾವಣೆ ಇದೆ. ಇಷ್ಟೆಲ್ಲ ಪ್ರತ್ಯೇಕವಾಗಿ ಉಳಿದೂ ಅವರಿಗಿಂತ ಹೆಚ್ಚು ಈ ದೇಶದವರಾದ ವಲಸಿಗರನ್ನು ತೋರಿಸಿ ನೋಡೋಣ. ಕರಗಿದವರು ಮಾತ್ರ ನಮ್ಮವರು ಎನ್ನುವುದು ಆತಿಥೇಯನ ಸೋಮಾರಿತನ. ಬಂದವನು ತನ್ನ ಗುರುತು ಬಿಟ್ಟರೆ ಇವನಿಗೆ ಕೆಲಸ ಕಡಿಮೆ.

ಬೈಲಕುಪ್ಪೆಯ ವಿಷಯಕ್ಕೆ ಬರೋಣ. 1959ರ ಮಾರ್ಚಿನಲ್ಲಿ ದಲೈ ಲಾಮಾ ಗಡಿ ದಾಟಿದರು. ಅವರ ಹಿಂದೆ ಬಂದವರಲ್ಲಿ ಸಾವಿರಾರು ಮಂದಿ ಹಿಮಾಲಯದ ಇಳಿಜಾರುಗಳಲ್ಲಿ ರಸ್ತೆ ಕೂಲಿಗಳಾದರು. ಗುಡಾರದಲ್ಲಿ ವಾಸ, ಕಲ್ಲು ಒಡೆಯುವ ಕೆಲಸ, ಮಕ್ಕಳು ರಸ್ತೆಯ ಅಂಚಿನಲ್ಲಿ. ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಮೀನು ಕೇಳಿದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. (ಟಿಬೆಟಿಯನ್ನರು ಈ ಉಪಕಾರಕ್ಕೆ ಎಸ್. ನಿಜಲಿಂಗಪ್ಪನವರನ್ನು ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ಆ ವರ್ಷ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ಅವರ ಹೆಸರನ್ನು ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.) ಅದು ಆನೆ ಓಡಾಡುವ ಕಾಡು. ಬಿದಿರಿನ ಗುಡಿಸಲು, ಬೇಸಿಗೆಯ ಧಗೆ, ಜ್ವರ. ಬೆಟ್ಟದ ಮೇಲೆ ಯಾಕ್ ಮೇಯಿಸಿಕೊಂಡಿದ್ದವರು ಕಾಡು ಕಡಿದು ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಆಮೇಲೆ 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯ ಎರಡನೇ ವಸಾಹತು, ಎಪ್ಪತ್ತರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯ. ಇಂದು ದೇಶದಲ್ಲಿ ಟಿಬೆಟಿಯನ್ನರು ಅತಿ ಹೆಚ್ಚು ಇರುವ ರಾಜ್ಯ ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಹಿಮಾಚಲ ಎನ್ನುತ್ತಾರೆ. ಅಲ್ಲ, ಕರ್ನಾಟಕ.

ನಾವು ಕೊಟ್ಟದ್ದು ಬರೀ ನೆಲವಲ್ಲ ಎಂಬುದನ್ನು ಗಮನಿಸಬೇಕು. ಒಟ್ಟಿಗೆ ಇರುವ ಅವಕಾಶ ಕೊಟ್ಟೆವು. 1961ರಲ್ಲೇ ಕೇಂದ್ರ ಶಿಕ್ಷಣ ಇಲಾಖೆಯ ಅಡಿಯಲ್ಲಿ ಟಿಬೆಟಿಯನ್ ಶಾಲೆಗಳ ಆಡಳಿತಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ವಸಾಹತಿಗೊಂದು ಸಹಕಾರ ಸಂಘ, ಅದಕ್ಕೆ ಟ್ರ್ಯಾಕ್ಟರು, ಗೋದಾಮು. ಲ್ಹಾಸಾದ ಸೆರಾ ಮಠದ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಹತ್ತು ವರ್ಷ ನರಳಿ, 1970ರ ಹೊತ್ತಿಗೆ ಇಲ್ಲಿ ಬಂದು ಮಠವನ್ನು ಮತ್ತೆ ಕಟ್ಟಿದರು. ಒಟ್ಟಿಗೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ಇಪ್ಪತ್ತು ಜಿಲ್ಲೆಗಳಿಗೆ ನೂರು ನೂರು ಮನೆಯಂತೆ ಹಂಚಿದ್ದರೆ ಇವತ್ತು ಸೆರಾ ಇರುತ್ತಿರಲಿಲ್ಲ, ಶಾಲೆ ಇರುತ್ತಿರಲಿಲ್ಲ. ಬಸ್ ನಿಲ್ದಾಣಗಳ ಹೊರಗೆ ಸ್ವೆಟರ್ ಮಾರುವ, ಯಾರಿಗೂ ಬೇಡದ ಒಂದು ಜನ ಇರುತ್ತಿತ್ತು.

ವಲಸಿಗರ ಬಗ್ಗೆ ಸಂಶೋಧನೆ ಮಾಡುವವರು ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿಯ ಚೌಕಟ್ಟನ್ನು ಮೊದಲ ವಾರವೇ ಕಲಿಯುತ್ತಾರೆ. ಬಂದವನು ತನ್ನ ಸಂಸ್ಕೃತಿಯನ್ನು ಇಟ್ಟುಕೊಳ್ಳುತ್ತಾನೆಯೇ ಎಂಬುದು ಒಂದು ಪ್ರಶ್ನೆ, ಸುತ್ತಲಿನ ಸಮಾಜದೊಡನೆ ವ್ಯವಹರಿಸುತ್ತಾನೆಯೇ ಎಂಬುದು ಇನ್ನೊಂದು. ಎರಡಕ್ಕೂ ಹೌದು ಎಂದರೆ ಸಮನ್ವಯ. ಮೊದಲಿನದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಎಂದರೆ ವಿಲೀನ. ಎರಡಕ್ಕೂ ಇಲ್ಲವಾದರೆ ಅಂಚಿಗೆ ಬಿದ್ದಂತೆ. ಬೆರಿ ಮತ್ತು ಅವರ ಸಂಗಡಿಗರು ಅನೇಕ ದೇಶಗಳಲ್ಲಿ ನೋಡಿ ಹೇಳಿದ್ದು, ಮನಸ್ಸಿನ ಆರೋಗ್ಯಕ್ಕೆ ಸಮನ್ವಯವೇ ಒಳ್ಳೆಯದು ಎಂದು. ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ವಿಲೀನವನ್ನೇ ಸಮನ್ವಯ ಎಂದು ಕರೆಯುವ ಗೊಂದಲವಿದೆ. ಈ ಗೊಂದಲ ನಿವಾರಣೆಯಾದರೆ ನನ್ನ ಲೇಖನದ ಅರ್ಧ ಭಾಗ ಬೇಕಾಗಿಲ್ಲ.

ಇನ್ನು ಚದುರಿಸುವ ನೀತಿ. 1985ರಿಂದ ಸ್ವೀಡನ್ ಸರ್ಕಾರ ಬಂದ ನಿರಾಶ್ರಿತರು ದೊಡ್ಡ ನಗರಗಳಲ್ಲಿ ಗುಂಪಾಗಬಾರದೆಂದು ದೇಶದ ಉದ್ದಗಲಕ್ಕೂ ಹಂಚತೊಡಗಿತು. ಎಲ್ಲಿರಬೇಕೆಂದು ಅವರು ಆರಿಸಲಿಲ್ಲ, ಸರ್ಕಾರ ಆರಿಸಿತು. ಸಂಶೋಧಕರಿಗೆ ಇದು ಪ್ರಯೋಗಾಲಯವೇ ಆಯಿತು. ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು: ಹೆಚ್ಚು ಓದಿಲ್ಲದ ನಿರಾಶ್ರಿತರ ಪೈಕಿ ತಮ್ಮವರ ನಡುವೆ ಬಾಳಿದವರ ಸಂಪಾದನೆಯೇ ಹೆಚ್ಚು. ಇದರಲ್ಲಿ ಆಶ್ಚರ್ಯವೇನಿದೆ? ಭಾಷೆ ಬಾರದ ಊರಿನಲ್ಲಿ ಕೆಲಸ ಎಲ್ಲಿದೆ ಎಂದು ಹೇಳುವವರು ಮೊದಲು ಬಂದ ನಮ್ಮವರೇ. ಬೆಂಗಳೂರಿಗೆ ಬಂದ ಕರಾವಳಿಯ ಹುಡುಗರು ಹೋಟೆಲುಗಳಲ್ಲಿ ಒಬ್ಬರ ಹಿಂದೊಬ್ಬರು ಕೆಲಸಕ್ಕೆ ಸೇರಿ, ಆಮೇಲೆ ತಾವೇ ಹೋಟೆಲು ಇಟ್ಟದ್ದು ಯಾವ ಸರ್ಕಾರ ಚದುರಿಸಿದ್ದರಿಂದ?

ಹಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಸಮೀಕ್ಷೆಗೆಂದು ಬೈಲಕುಪ್ಪೆಗೆ ಕರೆದೊಯ್ದಿದ್ದೆ. ಪ್ರಶ್ನಾವಳಿಯನ್ನು ಯಾವುದೋ ಪಾಶ್ಚಾತ್ಯ ಅಧ್ಯಯನದಿಂದ ಎತ್ತಿಕೊಂಡಿದ್ದೆವು. ಅದರಲ್ಲೊಂದು ಪ್ರಶ್ನೆ: ‘ನಿಮಗೆ ಎಷ್ಟು ಮಂದಿ ಸ್ಥಳೀಯ ಸ್ನೇಹಿತರಿದ್ದಾರೆ?’ ಅಂಗಳದಲ್ಲಿ ಜೋಳದ ತೆನೆ ಹರಡುತ್ತಿದ್ದ ಒಬ್ಬ ಅಜ್ಜಿ, ಪಟ್ಟೆ ಪಟ್ಟೆಯ ಪಾಂಗ್‌ದೆನ್ ಏಪ್ರನ್ ಕಟ್ಟಿಕೊಂಡವರು, ಪ್ರಶ್ನೆ ಕೇಳಿದ ಹುಡುಗಿಗೆ ‘ಯಾರೂ ಇಲ್ಲ’ ಎಂದರು. ಕನ್ನಡದಲ್ಲೇ ಎಂದರು. ಹುಡುಗಿ ಸೊನ್ನೆ ಬರೆದುಕೊಂಡಳು. ಪಕ್ಕದಲ್ಲೇ ಚೀಲ ಇಳಿಸುತ್ತಿದ್ದ ನಡುವಯಸ್ಸಿನ ಗೌಡರೊಬ್ಬರು ನಕ್ಕು, ‘ಹಾಗಾದರೆ ನಾನು ಯಾರು?’ ಎಂದರು. ‘ನೀನು ಸಾಲಗಾರ. ಹೋದ ವರ್ಷದ್ದು ಕೊಟ್ಟಿಲ್ಲ’ ಎಂದು ಅಜ್ಜಿ ಗದರಿದರು. ಆಮೇಲೆ ಇಬ್ಬರಿಗೂ ಹತ್ತು ನಿಮಿಷ ಜಗಳ. ಎಷ್ಟು ಚೀಲ, ಯಾವ ಹಬ್ಬಕ್ಕೆ ಮೊದಲು ಕೊಟ್ಟದ್ದು, ಮಗಳ ಮದುವೆಗೆ ತೆಗೆದುಕೊಂಡದ್ದು ಸೇರಿದೆಯೋ ಇಲ್ಲವೋ. ಅಜ್ಜಿಗೆ ಗೌಡರ ಮಗಳ ಹೆಸರು, ಅವಳನ್ನು ಕೊಟ್ಟ ಊರು, ಬೀಗರ ಜಮೀನು ಎಲ್ಲ ಗೊತ್ತಿತ್ತು. ನಮ್ಮ ಹಾಳೆಯಲ್ಲಿ ಸೊನ್ನೆ ಹಾಗೆಯೇ ಉಳಿಯಿತು.

ವಿದ್ಯಾರ್ಥಿನಿಗೆ ಅದನ್ನು ತಿದ್ದು ಎಂದು ನಾನು ಹೇಳಲಿಲ್ಲ. ಹಾಗೆ ತಿದ್ದಿದರೆ ಸಂಶೋಧನೆಯಾಗುವುದಿಲ್ಲ. ಆದರೆ ಸಾಲ ಕೊಟ್ಟು ವಸೂಲಿಗೆ ಜಗಳವಾಡುವ ಧೈರ್ಯ ನೆಲೆ ಇಲ್ಲದವನಿಗೆ ಬರುವುದಿಲ್ಲ. ಅಜ್ಜಿಯ ಹಿಂದೆ ಒಂದು ಊರಿತ್ತು, ಸಂಘವಿತ್ತು, ಮಠವಿತ್ತು. ಒಂಟಿ ನಿರಾಶ್ರಿತೆ ಗೌಡರಿಗೆ ಹಾಗೆ ಗದರುತ್ತಿರಲಿಲ್ಲ. ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು.

ಪ್ರತ್ಯೇಕ ಊರು ಕಟ್ಟಿದ್ದರಿಂದ ಸುತ್ತಲಿನವರಿಗೆ ಏನು ಸಿಕ್ಕಿತು ಎಂದು ಕೇಳುವವರಿಗೆ ಒಂದು ಸಂಗತಿ. 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಅದರ ಪೂರ್ಣ ಹೆಸರೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಮತ್ತು ಅದು ಹುಟ್ಟಿದ್ದು ಟಿಬೆಟಿಯನ್ನರನ್ನು ನೆಲೆಗೊಳಿಸಲು. ಆ ಕೆಲಸ ಮುಗಿದ ಮೇಲೆ ಎಂಬತ್ತರ ದಶಕದಲ್ಲಿ ಅದೇ ಸಂಸ್ಥೆ ನಮ್ಮ ಬಡ ಹಳ್ಳಿಗಳ ಕಡೆ ತಿರುಗಿ, ಸ್ವಸಹಾಯ ಸಂಘಗಳ ಮಾದರಿಯನ್ನು ರೂಪಿಸಿತು. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ತಂದಾಗ ಅದರ ಹಿಂದೆ ಮೈರಾಡದ ಅನುಭವವೂ ಇತ್ತು. ಇವತ್ತು ವಾರದ ಕಂತು ಕಟ್ಟಲು ಪುಸ್ತಕ ಹಿಡಿದು ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಈ ಸಂಬಂಧ ಗೊತ್ತಿಲ್ಲ.

ಬೇರೆ ದಾರಿ ಹಿಡಿದದ್ದರ ಫಲವನ್ನೂ ನಾವು ಇದೇ ರಾಜ್ಯದಲ್ಲಿ ನೋಡಿದ್ದೇವೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಪ್ರಕಾರ ಸಿಲೋನಿನ ತೋಟಗಳಲ್ಲಿದ್ದ 5,25,000 ತಮಿಳರನ್ನು ಭಾರತ ಕರೆಸಿಕೊಳ್ಳಬೇಕಿತ್ತು. ಹಾಗೆ ಬಂದವರಲ್ಲಿ ಕೆಲವರನ್ನು ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ತಂದರು. ಅವರಿಗೆ ಪೌರತ್ವ ಸಿಕ್ಕಿತು, ಮತ ಸಿಕ್ಕಿತು. ನೆಲ? ಇಲ್ಲ. ಊರು? ಇಲ್ಲ. ನಿಗಮದ ವಸತಿಗೃಹ, ಮುಂಜಾವದಲ್ಲಿ ಮರ ಕೀಸುವ ಕೆಲಸ, ಮಕ್ಕಳಿಗೆ ಜಾತಿ ಪ್ರಮಾಣಪತ್ರಕ್ಕೆ ದಶಕಗಳ ಅಲೆದಾಟ. ಕಾಗದದಲ್ಲಿ ನಮ್ಮವರು, ಬದುಕಿನಲ್ಲಿ ತೋಟದ ಆಳುಗಳು. ಪೌರತ್ವವೇ ಎಲ್ಲಕ್ಕೂ ಮದ್ದು ಎನ್ನುವವರು ಸುಳ್ಯಕ್ಕೆ ಹೋಗಿ ನೋಡಿ ಬರಲಿ. ಎದುರು ಪುಟದವರು ಪೌರತ್ವದ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ ಎಂದು ನನಗೆ ಗೊತ್ತು. ಅದು ದೆಹಲಿಯ ಪ್ರಶ್ನೆ, ನ್ಯಾಯಾಲಯಗಳ ಪ್ರಶ್ನೆ. ಊರು ಕಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಿಮಾಚಲದ ಧರ್ಮಶಾಲಾ ಪಟ್ಟಣದಲ್ಲಿ 1994ರಲ್ಲಿ ಒಬ್ಬ ಸ್ಥಳೀಯ ಯುವಕನ ಕೊಲೆಯ ನಂತರ ಟಿಬೆಟಿಯನ್ನರ ಅಂಗಡಿಗಳಿಗೆ ಬೆಂಕಿ ಬಿತ್ತು. ಅಲ್ಲಿ ಅವರು ಪೇಟೆಯಲ್ಲಿ ಸ್ಥಳೀಯರೊಡನೆ ಒತ್ತೊತ್ತಾಗಿ, ಒಂದೇ ಗಿರಾಕಿಗೆ ಪೈಪೋಟಿ ಮಾಡಿಕೊಂಡು ಇದ್ದವರು. ಬೈಲಕುಪ್ಪೆಯಲ್ಲಿ ಅಂಥದ್ದು ನಡೆದದ್ದು ನನಗೆ ತಿಳಿದಿಲ್ಲ. ಇಲ್ಲಿ ಒಬ್ಬರ ಹೊಲಕ್ಕೂ ಇನ್ನೊಬ್ಬರ ಹೊಲಕ್ಕೂ ಬದು ಇದೆ. ಬದು ಇದ್ದಲ್ಲಿ ನೆರೆಹೊರೆ ಇರುತ್ತದೆ.

ಬೆರೆಸುವ ಉತ್ಸಾಹ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕ್ ಇದೆ. ಅಲ್ಲಿ 2018ರಲ್ಲಿ ತಂದ ಕಾನೂನುಗಳ ಪ್ರಕಾರ, ವಲಸಿಗರು ಹೆಚ್ಚಿರುವ ಬಡ ಬಡಾವಣೆಗಳನ್ನು ಪಟ್ಟಿ ಮಾಡಿ, ಒಂದು ವರ್ಷ ತುಂಬಿದ ಕೂಸನ್ನು ವಾರಕ್ಕೆ 25 ಗಂಟೆ ಶಿಶುಪಾಲನಾ ಕೇಂದ್ರಕ್ಕೆ ಕಳುಹಿಸಬೇಕು, ಇಲ್ಲದಿದ್ದರೆ ಭತ್ಯೆಗೆ ಕತ್ತರಿ. ತಾಯಿಯ ಭಾಷೆ ಮಗುವಿಗೆ ಅಂಟಿಕೊಳ್ಳುವ ಮೊದಲೇ ಬಿಡಿಸಬೇಕೆಂಬ ಆತುರ! ‘ವಿರೋಧ’ದವರು ಬಯಸುವುದು ಇದನ್ನೇ. ಅವರಿಗೆ ಅವಕಾಶ ಕೊಟ್ಟಿದ್ದರೆ ಸೆರಾದ ಭಿಕ್ಷುಗಳನ್ನು ತಾಲ್ಲೂಕಿಗೊಬ್ಬರಂತೆ ಹಂಚಿ, ಪ್ರಗತಿ ವರದಿ ತರಿಸಿಕೊಳ್ಳುತ್ತಿದ್ದರು.

ಟಿಬೆಟ್ ಪುನರ್ವಸತಿ ನೀತಿ ಎಂಬುದನ್ನು ಕೇಂದ್ರ ಸರ್ಕಾರ 2014ರಲ್ಲಿ ತಂದು, ವಸಾಹತುಗಳ ಜಮೀನಿನ ಗುತ್ತಿಗೆಯನ್ನು ಇಪ್ಪತ್ತು ವರ್ಷಗಳಿಗೆ ಕ್ರಮಬದ್ಧಗೊಳಿಸಿ, ಉದ್ಯೋಗ ಖಾತರಿ, ಪಡಿತರದಂಥ ಯೋಜನೆಗಳನ್ನು ಅವರಿಗೂ ಚಾಚಬೇಕೆಂದು ರಾಜ್ಯಗಳಿಗೆ ಹೇಳಿತು. ಐವತ್ತು ವರ್ಷ ತಡವಾದರೂ ಸರಿಯಾದ ಹೆಜ್ಜೆ. ಇಪ್ಪತ್ತು ವರ್ಷ ಸಾಲದು ಎಂಬುದೊಂದೇ ನನ್ನ ತಕರಾರು. ತೊಂಬತ್ತೊಂಬತ್ತು ಮಾಡಲಿ.

ವಿರೋಧ: ಮುಗಿಯದ ಬಿಡಾರ

ವಿರೋಧ ಬರೆಯಿರಿ ಎಂದು ಸಂಪಾದಕರು ಹೇಳಿದಾಗ ‘ಪರ’ದ ಜಾಗ ಆಗಲೇ ತುಂಬಿತ್ತು. ಬೈಲಕುಪ್ಪೆಯ ಬಗ್ಗೆ ನನಗೆ ಅಂಥ ದೊಡ್ಡ ವಿರೋಧವೇನೂ ಇಲ್ಲ. ಅದರ ಮಗ್ಗುಲಲ್ಲೇ ಹುಟ್ಟಿದವನು. ಆದರೆ ಯಾರಾದರೂ ಬರೆಯಬೇಕಲ್ಲ.

ಪರ ಬರೆಯುವವರು ಏನು ಬರೆದಿರುತ್ತಾರೆಂದು ಊಹಿಸಬಲ್ಲೆ. ನಮ್ದ್ರೋಲಿಂಗ್ ಮಠದ ಚಿನ್ನದ ಬುದ್ಧ, ಮಂತ್ರಗಳ ಬಾವುಟ, ಶಾಂತಿ, ಸಹಬಾಳ್ವೆ. ಕೊಡಗಿಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದಿಳಿದು ಮೋಮೊ ತಿಂದು ಹೋಗುವ ಪ್ರವಾಸಿಯ ಬೈಲಕುಪ್ಪೆ ಅದು. ಅವರಿಗೆ ಇದು ಚೆಂದ ಕಾಣುವುದು ಸಹಜ. ಪ್ರತ್ಯೇಕವಾಗಿ ಇಟ್ಟದ್ದೆಲ್ಲ ದೂರದಿಂದ ಚೆಂದವೇ.

ನಿಯಮದಂತೆ ಮೊದಲು ವಾದಗಳನ್ನು ಹೇಳಿಬಿಡುತ್ತೇನೆ. ಒಂದು, ಪ್ರತ್ಯೇಕ ಊರು ಕಟ್ಟಿದರೆ ಸ್ಥಳೀಯ ಭಾಷೆ ಅಂಗಡಿಯ ಲೆಕ್ಕಕ್ಕಷ್ಟೇ ಬರುತ್ತದೆ. ಅರ್ಜಿ ಬರೆಯಲು, ಪತ್ರಿಕೆ ಓದಲು ಬರುವುದಿಲ್ಲ. ನಮ್ಮ ಕಡೆ ಕನ್ನಡ ಚೆನ್ನಾಗಿ ಮಾತಾಡುವ ಟಿಬೆಟಿಯನ್ನರು ಬೇಕಾದಷ್ಟು ಇದ್ದಾರೆ, ಕನ್ನಡ ಬರೆಯುವವರು ಕಡಿಮೆ. ಎರಡು, ಸ್ಥಳೀಯ ಬಡವರಿಗೆ ಅಸಮಾಧಾನ. ಆ ಕಾಡಿನಲ್ಲಿ ನಮ್ಮ ಅಜ್ಜ ದನ ಮೇಯಿಸುತ್ತಿದ್ದರು, ಆಮೇಲೆ ಅದೇ ಜಾಗದ ಜೋಳದ ಹೊಲದಲ್ಲಿ ನಮ್ಮ ಚಿಕ್ಕಪ್ಪ ಕೂಲಿಗೆ ಹೋದರು. ವಿದೇಶದ ನೆರವು ಅತ್ತ ಬರುತ್ತಿತ್ತು, ಇತ್ತ ಬರುತ್ತಿರಲಿಲ್ಲ. ಮೂರನೆಯದಾಗಿ, ಸಿಂಧನೂರು. ಅಲ್ಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರನ್ನು ನೆಲೆಗೊಳಿಸಿದರು. ಅವರು ಅಲ್ಲಿ ಭತ್ತ ಬೆಳೆಯುತ್ತಾರೆ, ಕನ್ನಡ ಮಾತಾಡುತ್ತಾರೆ, ದುರ್ಗಾಪೂಜೆಯನ್ನೂ ಮಾಡುತ್ತಾರೆ. ಅದೂ ಕ್ಯಾಂಪೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಅದು ನನ್ನ ವಾದಕ್ಕೆ ಸ್ವಲ್ಪ ತೊಡಕು. ಮುಂದೆ ಹೋಗೋಣ.

ನನಗೆ ನಿಜವಾಗಿ ಹೇಳಬೇಕಿರುವುದು ಒಂದು ಮನೆಯ ವಿಷಯ.

ಕುಶಾಲನಗರದಲ್ಲಿ ಪಿಯುಸಿ ಓದುವಾಗ ನನ್ನ ತರಗತಿಯಲ್ಲಿ ವಸಾಹತಿನ ಒಬ್ಬ ಹುಡುಗಿ ಇದ್ದಳು. ಲೆಕ್ಕಶಾಸ್ತ್ರದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ನನ್ನ ಜಮಾ ಖರ್ಚು ತಾಳೆಯಾಗದಿದ್ದಾಗ ಎಲ್ಲಿ ಎಡವಿದ್ದೇನೆಂದು ಬೆರಳಿಟ್ಟು ತೋರಿಸುತ್ತಿದ್ದಳು. ನಮ್ಮಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ರಾತ್ರಿಯಿಡೀ ಬೆಂಕಿ ಕಾಯಬೇಕು, ಬೆಳಿಗ್ಗೆ ನಾನು ತರಗತಿಯಲ್ಲಿ ತೂಕಡಿಸುತ್ತಿದ್ದೆ. ಅವಳ ಮನೆಯವರೂ ಚಳಿಗಾಲ ಬಂತೆಂದರೆ ಊರಲ್ಲಿ ಇರುತ್ತಿರಲಿಲ್ಲ. ಲೂಧಿಯಾನದ ಸ್ವೆಟರ್ ಮೂಟೆ ಹೊತ್ತು ದೂರದ ಪೇಟೆಗಳಿಗೆ ಹೋಗುತ್ತಿದ್ದರು. ಹೀಗೆ ಇಬ್ಬರಿಗೂ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಓದಿಸುವವರು ಇಲ್ಲ. ಅವಳ ಮನೆಗೆ ಹೋದಾಗ ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ; ಅವಳ ತಾಯಿ ಎದ್ದು ಹೋಗಿ, ಏನೂ ಹೇಳದೆ, ನಮ್ಮ ಕಾಫಿ ಮಾಡಿಕೊಂಡು ಬಂದರು.

ಅವಳಿಗೊಬ್ಬ ಅಣ್ಣ. ಅವನು ಹುಟ್ಟಿದ್ದು 1985ರಲ್ಲಿ, ಅವಳು 1989ರಲ್ಲಿ. ಇಬ್ಬರೂ ಅದೇ ಮನೆಯಲ್ಲಿ ಹುಟ್ಟಿದವರು, ಇಬ್ಬರೂ ಅದೇ ಶಾಲೆ. ತಂದೆ ತಾಯಿ ಇಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿ, ಮಕ್ಕಳಾಗಿದ್ದಾಗ ಬೆನ್ನ ಮೇಲೆ ಗಡಿ ದಾಟಿ ಬಂದವರು. ಈಗ ಕಾನೂನು ನೋಡಿ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರೆಲ್ಲ, ತಂದೆ ತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಆ ದಿನದ ನಂತರ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಅಂದರೆ ಅಣ್ಣ ಭಾರತೀಯ, ತಂಗಿ ವಿದೇಶಿ.

ಪಿಯುಸಿ ಮುಗಿದ ವರ್ಷ ನಾವು ಹಲವರು ಬ್ಯಾಂಕಿನ ಗುಮಾಸ್ತೆ ಹುದ್ದೆ, ಸರ್ಕಾರಿ ಹುದ್ದೆ ಎಂದೆಲ್ಲ ಕನಸು ಕಾಣುತ್ತಿದ್ದೆವು. ಅವಳೂ ಕುಶಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ನಮ್ಮೊಡನೆ ನಿಂತು ಅರ್ಜಿಯ ಮಾದರಿ ತೆಗೆದುಕೊಂಡಳು. ‘ರಾಷ್ಟ್ರೀಯತೆ’ ಎಂಬ ಸಾಲಿನವರೆಗೂ ತುಂಬಿ, ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದೊಳಗೆ ಹಾಕಿಕೊಂಡಳು. ನಮ್ಮಲ್ಲಿ ಯಾರೂ ಏನೂ ಕೇಳಲಿಲ್ಲ. ಅವಳ ಬಳಿ ಇದ್ದದ್ದು ನೋಂದಣಿ ಪ್ರಮಾಣಪತ್ರ, ಪೊಲೀಸ್ ಕಚೇರಿಗೆ ಹೋಗಿ ನವೀಕರಿಸಿಕೊಳ್ಳಬೇಕಾದ್ದು. ವಿದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ. ಅನೇಕ ವಿಮಾನ ನಿಲ್ದಾಣಗಳಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

ಅಣ್ಣನದ್ದಾದರೂ ಸರಿಹೋಯಿತೇ? 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇಂಥವರು ಪ್ರಜೆಗಳೇ ಎಂದು ಹೇಳಿದವು. 2014ರಲ್ಲಿ ಚುನಾವಣಾ ಆಯೋಗ ಮತದಾರರ ಪಟ್ಟಿಗೆ ಸೇರಿಸಿ ಎಂದಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಿದ ಮೇಲೆ 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರ್ಕಾರ ಒಪ್ಪಿತು. ಒಪ್ಪಿ, ಷರತ್ತು ಹಾಕಿತು. ನೋಂದಣಿ ಪ್ರಮಾಣಪತ್ರ ರದ್ದು ಮಾಡಿಸಬೇಕು. ಕೇಂದ್ರ ಟಿಬೆಟಿಯನ್ ಆಡಳಿತದಿಂದ, ಅಂದರೆ ಟಿಬೆಟಿಯನ್ನರ ದೇಶಾಂತರ ಸರ್ಕಾರದಿಂದ, ಬರುವ ಸೌಲಭ್ಯ ಬಿಡಬೇಕು. ಮತ್ತು, ಇದನ್ನು ನಿಧಾನವಾಗಿ ಓದಿ, ಟಿಬೆಟಿಯನ್ ವಸಾಹತಿನಲ್ಲಿ ವಾಸಿಸಬಾರದು.

ಅಂದರೆ ಭಾರತೀಯನಾಗಬೇಕಾದರೆ ಹುಟ್ಟಿದ ಮನೆ ಬಿಡಬೇಕು. ಅವನು ಅದೇ ತಾಲ್ಲೂಕಿನ ಯಾವ ಹಳ್ಳಿಯಲ್ಲಾದರೂ ಇರಬಹುದು, ನಮ್ಮ ಹಟ್ಟಿಯಲ್ಲಿ ಇರಬಹುದು. ತನ್ನ ತಾಯಿಯ ಮನೆಯಲ್ಲಿ ಇರುವಂತಿಲ್ಲ. ಪ್ರತ್ಯೇಕ ಊರು ಕಟ್ಟುವುದಕ್ಕೂ ಪೌರತ್ವಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ಈ ಷರತ್ತನ್ನು ಓದಿ ಹೇಳಲಿ. ಊರನ್ನು ನಿರಾಶ್ರಿತರಿಗೆ ಎಂದು ಕಟ್ಟಿದ ಮೇಲೆ, ಅಲ್ಲಿ ಇರಬೇಕಾದರೆ ನಿರಾಶ್ರಿತರಾಗಿಯೇ ಉಳಿಯಬೇಕು. ಮಕ್ಕಳು, ಮೊಮ್ಮಕ್ಕಳು ಕೂಡ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆಂದೇ ಕಾನೂನಿಲ್ಲ. ಹಾಗಾಗಿ ಎಲ್ಲವೂ ಸರ್ಕಾರದ ದಯೆ, ಸುತ್ತೋಲೆ, ಗುತ್ತಿಗೆ. ಗುತ್ತಿಗೆಯ ಅವಧಿ ಹೆಚ್ಚಿಸಿ ಎನ್ನುವುದು ಈ ದಯೆಯನ್ನು ಇನ್ನಷ್ಟು ವರ್ಷ ಬೇಡುವುದು.

ಟಿಬೆಟಿಯನ್ನರಲ್ಲೇ ಅನೇಕರು ಪೌರತ್ವ ಬೇಡ ಎನ್ನುತ್ತಾರೆ, ಹಿಂದಿರುಗುವ ಆಸೆ ಬಿಟ್ಟಂತಾಗುತ್ತದೆ ಎಂದು. ಇದು ಗಟ್ಟಿ ಮಾತು. ನನ್ನ ಸಹಪಾಠಿಯ ತಂದೆಯೂ ಹಾಗೆಯೇ ಹೇಳುತ್ತಿದ್ದರು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಆದರೆ ಬೇಡ ಎನ್ನುವುದಕ್ಕೂ ಮೊದಲು ಬೇಕು ಎನ್ನುವ ಅವಕಾಶ ಇರಬೇಕಲ್ಲವೇ?

ಹೀಗಿರುವಾಗ ಹುಡುಗರು ಏನು ಮಾಡುತ್ತಾರೆ? ಹೋಗುತ್ತಾರೆ. ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳದ ಟಿಬೆಟಿಯನ್ನರಿಗೆಂದು ಸಾವಿರ ವೀಸಾ ಇಟ್ಟಿತು. ಹೋದವರು ಸಂಸಾರ ಕರೆಸಿಕೊಂಡರು, ಅಲ್ಲಿಂದ ಸಾಲು ಹರಿಯಿತು. ಆಮೇಲೆ ಕೆನಡಾ, ಯುರೋಪು. 2008ರ ನಂತರ ಟಿಬೆಟ್ಟಿನಿಂದ ಹೊಸದಾಗಿ ಬರುವವರು ತೀರಾ ಕಡಿಮೆಯಾದರು. ಮಠಗಳಲ್ಲಿ ಈಗ ಲಡಾಖ್, ಅರುಣಾಚಲ, ನೇಪಾಳ, ಭೂತಾನಿನ ಹುಡುಗರನ್ನು ಕಾಣಬಹುದು. ವಸಾಹತಿನ ಎಷ್ಟೋ ಮನೆಗಳಲ್ಲಿ ಮುದುಕರು ಮಾತ್ರ, ಹೊಲ ನಮ್ಮವರಿಗೆ ಗೇಣಿಗೆ. ಸಂಸ್ಕೃತಿ ಉಳಿಸಲು ಕಟ್ಟಿದ ಊರಿನಲ್ಲಿ ಸಂಸ್ಕೃತಿ ಉಳಿಸಬೇಕಾದವರು ಟೊರೊಂಟೊದಲ್ಲಿ ಇದ್ದಾರೆ. ನನ್ನ ಸಹಪಾಠಿಯೂ ಅಲ್ಲೇ. ಲೆಕ್ಕಪತ್ರದ ಕೆಲಸ. ಕೆಲವು ವರ್ಷಗಳಲ್ಲಿ ಅಲ್ಲಿನ ಪ್ರಜೆಯಾದಳು, ಯಾರೂ ಅವಳ ಬಡಾವಣೆ ಬಿಡಲು ಹೇಳಲಿಲ್ಲ. ಹೋದ ಲೋಸಾರ್ ಹಬ್ಬಕ್ಕೆ, ಅವರ ಹೊಸ ವರ್ಷಕ್ಕೆ, ಬಂದಾಗ ಕೆನಡಾದ ಪಾಸ್‌ಪೋರ್ಟಿನಲ್ಲಿ ಬಂದಳು. ತಾನು ಹುಟ್ಟಿದ ಮನೆಯಲ್ಲಿ ರಾತ್ರಿ ತಂಗಲು ಅವಳು ಈಗ ಸಂರಕ್ಷಿತ ಪ್ರದೇಶದ ಪರವಾನಗಿ ಪಡೆಯಬೇಕು. ವಿದೇಶಿಯರಿಗೆಲ್ಲ ಆ ನಿಯಮವಿದೆ. ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿದ್ದಳು. ಅದು ಬರುವ ಹೊತ್ತಿಗೆ ಹಬ್ಬ ಕಳೆದಿತ್ತು. ಕುಶಾಲನಗರದ ಹೋಟೆಲಿನಲ್ಲಿ ಇಳಿದುಕೊಂಡು ಹಗಲಲ್ಲಿ ಮನೆಗೆ ಹೋಗಿ ಬಂದಳು.

ಅಣ್ಣ ಭಾರತದ ಪಾಸ್‌ಪೋರ್ಟ್ ತೆಗೆದುಕೊಳ್ಳಲಿಲ್ಲ. ತಾಯಿಗೆ ಮಂಡಿ ನೋವು, ಮನೆ ಬಿಟ್ಟು ಹೋಗುವವರು ಯಾರು? ನೋಂದಣಿ ಪತ್ರವನ್ನೇ ನವೀಕರಿಸಿಕೊಂಡು ಇದ್ದಾನೆ. ಹೈಕೋರ್ಟಿನ ಪ್ರಕಾರ ಪ್ರಜೆ, ಪೊಲೀಸ್ ಕಚೇರಿಯ ಕಡತದ ಪ್ರಕಾರ ವಿದೇಶಿ.

ವಿರೋಧ ಎಂದರೆ ಪರ್ಯಾಯವನ್ನೂ ಹೇಳಬೇಕಂತೆ. ವಸಾಹತನ್ನು ಒಡೆದು ಜನರನ್ನು ಚದುರಿಸಿ ಎಂದು ನಾನು ಹೇಳಲಾರೆ. ನಮ್ಮೂರಿನವರೇ ನನ್ನನ್ನು ಒಳಗೆ ಸೇರಿಸುವುದಿಲ್ಲ. 2017ರ ಷರತ್ತಿನಲ್ಲಿ ವಾಸದ ಸಾಲೊಂದನ್ನು ಹೊಡೆದು ಹಾಕಲಿ. ಬೈಲಕುಪ್ಪೆಯಲ್ಲಿ ಇದ್ದುಕೊಂಡೇ ಭಾರತೀಯನಾಗಬಹುದು ಎಂದಾಗಲಿ. ಅಷ್ಟಾದರೆ ಮುಂದಿನ ಸಲ ಸಂಪಾದಕರು ಕೇಳಿದಾಗ ಪರದ ಲೇಖನವನ್ನು ನಾನೇ ಬರೆಯುತ್ತೇನೆ.